ಹೊಸ ಸ್ಲಾಲಂ ಸ್ಕೀ, ಹೊಸ ಬೈಂಡಿಂಗ್: ಹೊಂದಿಕೊಳ್ಳುವ ಕ್ರಮ

ವೇಗವಾಗಿ ಸಾಗುವ ಮೋಟಾರು ದೋಣಿಯ ಹಿಂದೆ, ಹಗ್ಗದ ಹಿಡಿಯನ್ನು ಹಿಡಿದು, ಒಂದೇ ಸ್ಕೀಯ ಮೇಲೆ ಎರಡೂ ಪಾದಗಳನ್ನು ಒಂದರ ಹಿಂದೊಂದು ಇರಿಸಿ, ನೀರಿನ ಮೇಲೆ ಎಡಬಲಕ್ಕೆ ತಿರುಗುತ್ತ ಸಾಗುವ ಕ್ರೀಡೆಯೇ ಸ್ಲಾಲಂ ವಾಟರ್ ಸ್ಕೀಯಿಂಗ್. 'ಸ್ಲಾಲಂ' ಎಂಬುದು ನಾರ್ವೆ ದೇಶದ ಭಾಷೆಯ ಪದ. ಇಳಿಜಾರಿನ ಮೇಲಿನ ಜಾಡು ಎಂಬುದು ಅದರ ಮೂಲಾರ್ಥ. ಹಿಮದ ಸ್ಕೀಯಿಂಗ್‌ನಿಂದ ಬಂದ ಈ ಪದ ಇಂದು ನೀರಿನ ಮೇಲೂ ಅಷ್ಟೇ ರೂಢಿಯಲ್ಲಿದೆ.

ಈ ಕ್ರೀಡೆಯಲ್ಲಿ ಕ್ರೀಡಾಪಟುವನ್ನು ಸ್ಕೀಯೊಂದಿಗೆ ಬೆಸೆಯುವ ಏಕೈಕ ಕೊಂಡಿ ಬೈಂಡಿಂಗ್. ಸ್ಕೀಯ ಮೇಲೆ ಸ್ಕ್ರೂಗಳಿಂದ ಬಿಗಿದ, ಪಾದವನ್ನು ಹಿಡಿದಿಡುವ ಬೂಟು ಅಥವಾ ಪಟ್ಟಿಗೆ ಈ ಹೆಸರು. ಬೈಂಡಿಂಗ್ ಸಡಿಲವಾಗಿದ್ದರೆ ಸ್ಕೀ ಮಾತು ಕೇಳದು. ಬಿದ್ದ ಗಳಿಗೆಯಲ್ಲಿ ಅದು ಪಾದವನ್ನು ಬಿಡದಿದ್ದರೆ ಮೂಳೆ ಉಳಿಯದು. ಆದ್ದರಿಂದ ಹೊಸ ಸ್ಕೀಯನ್ನೋ ಹೊಸ ಬೈಂಡಿಂಗ್ ಅನ್ನೋ ಕೊಂಡವರು ಅದನ್ನು ಕೇವಲ ಸಲಕರಣೆಯ ಬದಲಾವಣೆ ಎಂದು ಭಾವಿಸುವಂತಿಲ್ಲ. ನಿಲ್ಲುವ ಭಂಗಿ, ತಿರುಗುವ ಕಾಲ, ಬೀಳುವ ರೀತಿ ಎಲ್ಲವನ್ನೂ ಸ್ವಲ್ಪಮಟ್ಟಿಗೆ ಮತ್ತೆ ಕಲಿಯಬೇಕಾಗುತ್ತದೆ.

ಪಥದ ಲೆಕ್ಕಾಚಾರ

ಸಲಕರಣೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಏಕೆ ಅಷ್ಟು ಮಹತ್ವ ಎಂಬುದು ಸ್ಪರ್ಧೆಯ ಪಥದ ಅಳತೆಗಳನ್ನು ನೋಡಿದರೆ ತಿಳಿಯುತ್ತದೆ. ಪಥದ ಉದ್ದ 259 ಮೀಟರ್. ದೋಣಿ ನಡುವಿನ ನೇರ ದಾರಿಯಲ್ಲಿ ಸಾಗುತ್ತದೆ. ಆ ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ, ಒಂದು ಬಲಕ್ಕೆ ಮತ್ತೊಂದು ಎಡಕ್ಕೆ ಎಂಬಂತೆ ಆರು ತೇಲುಚೆಂಡುಗಳಿರುತ್ತವೆ. ಪ್ರವೇಶ ದ್ವಾರದಿಂದ ಮೊದಲ ಚೆಂಡಿಗೆ 27 ಮೀಟರ್, ಅನಂತರ ಪ್ರತಿ ಚೆಂಡಿನಿಂದ ಮುಂದಿನದಕ್ಕೆ 41 ಮೀಟರ್, ಕೊನೆಯ ಚೆಂಡಿನಿಂದ ನಿರ್ಗಮನ ದ್ವಾರಕ್ಕೆ ಮತ್ತೆ 27 ಮೀಟರ್. ಕ್ರೀಡಾಪಟು ಪ್ರತಿಯೊಂದು ಚೆಂಡನ್ನೂ ಹೊರಗಿನಿಂದ ಸುತ್ತಿ ಬರಬೇಕು.

ಮುಕ್ತ ವಿಭಾಗದಲ್ಲಿ ದೋಣಿಯ ಗರಿಷ್ಠ ವೇಗ ಪುರುಷರಿಗೆ ಗಂಟೆಗೆ 58 ಕಿ.ಮೀ., ಮಹಿಳೆಯರಿಗೆ 55 ಕಿ.ಮೀ. 58ರ ವೇಗದಲ್ಲಿ ಇಡೀ ಪಥ ಮುಗಿಯಲು ಹಿಡಿಯುವ ಸಮಯ 16.08 ಸೆಕೆಂಡು. ಆರು ಸಲ ದಿಕ್ಕು ಬದಲಿಸುವುದೂ ಇಷ್ಟರೊಳಗೇ ಆಗಬೇಕು. ಗರಿಷ್ಠ ವೇಗ ತಲುಪಿದ ಬಳಿಕ ಹಗ್ಗವನ್ನು ಹಂತಹಂತವಾಗಿ ಗಿಡ್ಡ ಮಾಡಲಾಗುತ್ತದೆ. 18.25 ಮೀಟರಿನಿಂದ 16, 14.25, 13, 12, 11.25, 10.75, 10.25, 9.75 ಮೀಟರ್ ಹೀಗೆ.

ಇಲ್ಲೊಂದು ಸ್ವಾರಸ್ಯವಿದೆ. ಹಗ್ಗ 11.25 ಮೀಟರಿಗೆ ಇಳಿದಾಗ ಅದು ನಡುಗೆರೆಯಿಂದ ಚೆಂಡಿಗಿರುವ ದೂರಕ್ಕಿಂತ ಗಿಡ್ಡ. 9.75 ಮೀಟರಿನಲ್ಲಂತೂ ಕೊರತೆ 1.75 ಮೀಟರ್. ಈ ಅಂತರವನ್ನು ಕ್ರೀಡಾಪಟು ತನ್ನ ಚಾಚಿದ ತೋಳು ಮತ್ತು ನೀರಿನತ್ತ ಬಾಗಿದ ದೇಹದಿಂದಲೇ ತುಂಬಬೇಕು. ಹಾಗೆ ಬಾಗಿದಾಗ ಇಡೀ ದೇಹಕ್ಕೆ ಆಧಾರವಾಗಿರುವುದು ಸ್ಕೀಯ ಒಂದು ಅಂಚು ಮಾತ್ರ. ಆ ಅಂಚಿಗೆ ಆಜ್ಞೆ ತಲುಪುವುದು ಬೈಂಡಿಂಗ್ ಮೂಲಕ.

ಚರ್ಮದ ಪಟ್ಟಿಯಿಂದ ಗಡಸು ಬೂಟಿನವರೆಗೆ

ವಾಟರ್ ಸ್ಕೀಯಿಂಗ್ ಹುಟ್ಟಿದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಲೇಕ್ ಸಿಟಿ ಎಂಬ ಊರಿನಲ್ಲಿ. 1922ರ ಬೇಸಿಗೆಯಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ತರುಣ ಅಲ್ಲಿನ ಪೆಪಿನ್ ಸರೋವರದಲ್ಲಿ ಮೊದಲ ಬಾರಿಗೆ ದೋಣಿಯ ಹಿಂದೆ ನಿಂತು ಸಾಗಿದ. ಪೀಪಾಯಿಯ ಹಲಗೆ, ಹಿಮದ ಸ್ಕೀ ಎರಡೂ ಕೈಕೊಟ್ಟ ಬಳಿಕ ಆತ ಪೈನ್ ಮರದ ಹಲಗೆಗಳ ತುದಿಯನ್ನು ಕುದಿಯುವ ನೀರಿನಲ್ಲಿ ಮೆತ್ತಗಾಗಿಸಿ ಬಗ್ಗಿಸಿದ್ದ. ಪಾದ ಹಿಡಿದಿಡಲು ಬಳಸಿದ್ದು ಚರ್ಮದ ಪಟ್ಟಿಗಳನ್ನು. ಮೊತ್ತಮೊದಲ ಬೈಂಡಿಂಗ್ ಎಂದರೆ ಅದೇ.

1925ರಲ್ಲಿ ಫ್ರೆಡ್ ವಾಲರ್ ಎಂಬಾತ ವಾಟರ್ ಸ್ಕೀಗೆ ಪೇಟೆಂಟ್ ಪಡೆದ. ಮುಂದೆ ಫ್ಲೋರಿಡಾದ ಸೈಪ್ರೆಸ್ ಗಾರ್ಡನ್ಸ್ ಉದ್ಯಾನದ ಪ್ರದರ್ಶನಗಳು ಈ ಕ್ರೀಡೆಯನ್ನು ಜನಪ್ರಿಯಗೊಳಿಸಿದವು. 1949ರಲ್ಲಿ ಫ್ರಾನ್ಸಿನ ಜುವಾನ್ ಲೆ ಪ್ಯಾನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇದು ಪ್ರದರ್ಶನ ಕ್ರೀಡೆಯಾಗಿತ್ತು. ಈ ಅವಧಿಯಲ್ಲಿ ಮರದ ಜಾಗಕ್ಕೆ ಫೈಬರ್‌ಗ್ಲಾಸ್, ಆಮೇಲೆ ಕಾರ್ಬನ್ ಫೈಬರ್ ಬಂದವು. ಚರ್ಮದ ಜಾಗಕ್ಕೆ ರಬ್ಬರ್, ರಬ್ಬರಿನ ಜೊತೆಗೆ ಗಡಸು ಪ್ಲಾಸ್ಟಿಕ್ ಮತ್ತು ಕಾರ್ಬನ್ ಕವಚದ ಬೂಟುಗಳು ಬಂದವು. ಸ್ಕೀ ಹಗುರವೂ ಬಿರುಸೂ ಆದಂತೆ ಪಾದದ ಹಿಡಿತವೂ ಬಿಗಿಯಾಗುತ್ತ ಹೋಯಿತು. ಬಿಗಿ ಹೆಚ್ಚಿದಂತೆ, ಬಿದ್ದಾಗ ಪಾದ ಹೊರಬರುವುದು ಹೇಗೆ ಎಂಬ ಪ್ರಶ್ನೆ ದೊಡ್ಡದಾಯಿತು.

ಬೈಂಡಿಂಗ್‌ಗಳ ಬಗೆ

ಇಂದು ಬಳಕೆಯಲ್ಲಿರುವ ಬೈಂಡಿಂಗ್‌ಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

ಮುಂಪಾದಕ್ಕೆ ಬೂಟು, ಹಿಂಪಾದಕ್ಕೆ ಪಟ್ಟಿ: ಮುಂದಿನ ಪಾದ ಪೂರ್ಣ ಬೂಟಿನಲ್ಲಿರುತ್ತದೆ. ಹಿಂದಿನ ಪಾದದ ಬೆರಳಭಾಗವನ್ನು ಮಾತ್ರ ಒಂದು ಅಗಲವಾದ ಪಟ್ಟಿಯ ಕೆಳಗೆ ತೂರಿಸಲಾಗುತ್ತದೆ, ಹಿಮ್ಮಡಿ ತೆರೆದಿರುತ್ತದೆ. ಆಳ ನೀರಿನಿಂದ ಏಳುವಾಗ ಹಿಂದಿನ ಕಾಲನ್ನು ನೀರಿನಲ್ಲಿ ಎಳೆದುಕೊಂಡು ಸಾಗಿ, ಆಮೇಲೆ ಪಟ್ಟಿಗೆ ಸೇರಿಸುವ ಅನುಕೂಲ ಇದರಲ್ಲಿದೆ. ಕಲಿಯುವವರಿಗಷ್ಟೇ ಅಲ್ಲ, ನುರಿತ ಅನೇಕರಿಗೂ ಇದೇ ಮೆಚ್ಚು.

ಎರಡೂ ಪಾದಗಳಿಗೆ ಬೂಟು: ರಬ್ಬರಿನ ಅಥವಾ ಲೇಸಿನ ಎರಡು ಬೂಟುಗಳು. ಸ್ಕೀಯ ಮೇಲಿನ ಹತೋಟಿ ಹೆಚ್ಚು. ನೀರಿನಿಂದ ಏಳುವಾಗ ಎರಡೂ ಮೊಣಕಾಲುಗಳನ್ನು ಎದೆಗೆ ಸೆಳೆದುಕೊಂಡು, ಸ್ಕೀ ತಾನಾಗಿ ಮೇಲೇಳುವವರೆಗೆ ತಾಳ್ಮೆಯಿಂದ ಕಾಯಬೇಕು. ಪಟ್ಟಿಯಿಂದ ಇದಕ್ಕೆ ಬದಲಾಯಿಸಿದವರಿಗೆ ಮೊದಲ ತೊಡಕು ಎದುರಾಗುವುದು ಇಲ್ಲಿಯೇ.

ಬಿಡುಗಡೆ ವ್ಯವಸ್ಥೆಯ ಗಡಸು ಬೂಟು: ಗಟ್ಟಿ ಕವಚದೊಳಗೆ ಮೆತ್ತನೆಯ ಒಳಬೂಟು ಇರುತ್ತದೆ. ಪಾದ ಬೂಟಿನಿಂದ ಹೊರಬರುವುದಿಲ್ಲ. ಮಿತಿಮೀರಿದ ಬಲ ಬಿದ್ದಾಗ ಬೂಟೇ ಸ್ಕೀಯಿಂದ ಕಳಚಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಹಿಮದ ಸ್ಕೀಯಲ್ಲಿರುವಂತೆ ಸ್ಪ್ರಿಂಗ್ ಕೊಂಡಿ ಇದ್ದು, ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ಅಂಕಿಗಳ ಮೇಲೆ ನಿಗದಿ ಮಾಡಬಹುದು. ಇನ್ನು ಕೆಲವದರಲ್ಲಿ ಎರಡೂ ಬೂಟುಗಳು ಒಂದೇ ತಗಡಿನ ಮೇಲಿರುತ್ತವೆ. ಆ ತಗಡು ಅಣಬೆಯಾಕಾರದ ಸಣ್ಣ ಪ್ಲಾಸ್ಟಿಕ್ ಮೊಳೆಗಳುಳ್ಳ ಡ್ಯುಯಲ್ ಲಾಕ್ ಎಂಬ ಅಂಟುಪಟ್ಟಿಯಿಂದ ಸ್ಕೀಗೆ ಕಚ್ಚಿಕೊಂಡಿದ್ದು, ಬಿದ್ದಾಗ ಒಟ್ಟಿಗೇ ಕಳಚುತ್ತದೆ.

ಒಳಗಿದ್ದರೆ ಎರಡೂ, ಹೊರಬಂದರೆ ಎರಡೂ

ಸ್ಲಾಲಂ ಕ್ರೀಡೆಯಲ್ಲಿ ಗಂಭೀರ ಗಾಯಗಳಾಗುವುದು ಹೆಚ್ಚಾಗಿ ಎರಡು ಬಗೆಯ ಬೀಳುಗಳಲ್ಲಿ. ಸ್ಕೀಯ ಮೂತಿ ನೀರಿಗೆ ಕಚ್ಚಿ ತಟ್ಟನೆ ನಿಂತು, ದೇಹ ಮಾತ್ರ ಮುಂದಕ್ಕೆ ಎಸೆಯಲ್ಪಡುವುದು ಮೊದಲನೆಯದು. ಆಗ ಮುಂಗಾಲು ಪಾದದ ಮೇಲೆ ಬಲವಾಗಿ ಬಾಗುತ್ತದೆ. ಪಾದ ಬೂಟಿನಲ್ಲೇ ಸಿಕ್ಕಿಕೊಂಡರೆ ಪಾದದ ಕೀಲು ಉಳುಕಬಹುದು, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಲೂಬಹುದು.

ಎರಡನೆಯದು ಒಂದು ಪಾದ ಮಾತ್ರ ಹೊರಬಂದು ಇನ್ನೊಂದು ಸ್ಕೀಯಲ್ಲೇ ಉಳಿಯುವುದು. ಉದ್ದನೆಯ ಸ್ಕೀ ನೀರಿನ ರಭಸಕ್ಕೆ ಸನ್ನೆಕೋಲಿನಂತೆ ತಿರುಚಿಕೊಳ್ಳುತ್ತದೆ. ಉಳಿದ ಒಂದೇ ಕಾಲು ಆ ತಿರುಚುವಿಕೆಯನ್ನೆಲ್ಲ ತಾಳಬೇಕಾಗುತ್ತದೆ. ಕೀಲು, ಮೊಣಕಾಲು, ಮೊಣಕಾಲ ಕೆಳಗಿನ ಮೂಳೆ ಮೂರಕ್ಕೂ ಅಪಾಯ.

ಆದ್ದರಿಂದಲೇ ಎರಡು ಬೂಟು ಧರಿಸುವವರಲ್ಲಿ ಒಂದು ನಿಯಮ ಪ್ರಚಲಿತವಾಗಿದೆ: ಉಳಿದರೆ ಎರಡೂ ಪಾದ ಉಳಿಯಬೇಕು, ಬಂದರೆ ಎರಡೂ ಬರಬೇಕು. ಒಂದು ಬೂಟು ಬಿಗಿ, ಮತ್ತೊಂದು ಸಡಿಲ ಎಂಬ ಸ್ಥಿತಿಯೇ ಎಲ್ಲಕ್ಕಿಂತ ಅಪಾಯಕಾರಿ. ಹಳೆಯ ರಬ್ಬರ್ ಬೂಟೊಂದನ್ನು ಹಿಂದೆ ಉಳಿಸಿಕೊಂಡು ಮುಂದೆ ಮಾತ್ರ ಹೊಸ ಬಿಗಿ ಬೂಟು ಹಾಕಿಸುವವರು ಇದನ್ನು ಮರೆಯಬಾರದು. ಪಟ್ಟಿ ಬಳಸುವವರ ಹಿಂಪಾದ ಸುಲಭವಾಗಿ ಹೊರಬರುತ್ತದೆ. ಆದಕಾರಣ ಅವರ ಮುಂದಿನ ಬೂಟೂ ಅಗತ್ಯ ಬಿದ್ದಾಗ ಬಿಡುವಂತಿರುವುದು ಇನ್ನಷ್ಟು ಮುಖ್ಯ.

ಸ್ಪ್ರಿಂಗ್ ಕೊಂಡಿಯ ಬೂಟಿನಲ್ಲಿ ತಯಾರಕರು ದೇಹತೂಕಕ್ಕೆ ಸೂಚಿಸಿದ ಅಂಕಿಯಿಂದಲೇ ಆರಂಭಿಸಬೇಕು. ಅಂಕಿ ಹೆಚ್ಚಾದರೆ ಬೇಕಾದಾಗ ಬಿಡದು. ಕಡಿಮೆಯಾದರೆ ಬಲವಾಗಿ ಎಳೆಯುವಾಗ ಅಕಾಲದಲ್ಲಿ ಕಳಚಿ, ಅದೇ ಬೀಳುವಿಕೆಗೆ ಕಾರಣವಾದೀತು. ಗೆಳೆಯರ ಅಂಕಿಯನ್ನು ನಕಲು ಮಾಡುವುದು ಸಲ್ಲದು. ಡ್ಯುಯಲ್ ಲಾಕ್ ಪಟ್ಟಿಗಳಲ್ಲಿ ಮರಳು, ಪಾಚಿ ಸೇರಿದರೆ ಹಿಡಿತದ ಬಲ ಬದಲಾಗುತ್ತದೆ. ಪ್ರತಿ ಬಾರಿ ಒತ್ತುವ ಮುನ್ನ ತೊಳೆದು ನೋಡಬೇಕು.

ನೀರಿಗಿಳಿಯುವ ಮುನ್ನ

ಯಾವ ಪಾದ ಮುಂದೆ ಎಂಬುದು ಮೊದಲ ಪ್ರಶ್ನೆ. ಈಗಾಗಲೇ ಅಭ್ಯಾಸವಿರುವವರು ಅದನ್ನೇ ಮುಂದುವರಿಸುತ್ತಾರೆ. ಹೊಸಬರು ಎರಡು ಸ್ಕೀಗಳ ಮೇಲೆ ಸಾಗುತ್ತ ಒಂದೊಂದೇ ಕಾಲನ್ನು ಎತ್ತಿ ನೋಡಬಹುದು. ಯಾವ ಕಾಲಿನ ಮೇಲೆ ಸಮತೋಲ ಸುಲಭವೋ ಅದು ಸಾಮಾನ್ಯವಾಗಿ ಮುಂದಿನ ಪಾದವಾಗುತ್ತದೆ.

ಸ್ಕೀಯ ಉದ್ದ ವಯಸ್ಕರಿಗೆ ಹೆಚ್ಚಾಗಿ 63ರಿಂದ 69 ಅಂಗುಲಗಳ ನಡುವೆ ಇರುತ್ತದೆ. ಎತ್ತರಕ್ಕಿಂತ ದೇಹದ ತೂಕ ಮತ್ತು ದೋಣಿಯ ವೇಗ ಇಲ್ಲಿ ನಿರ್ಣಾಯಕ. ತೂಕ ಹೆಚ್ಚಿದಂತೆ ಉದ್ದನೆಯ ಸ್ಕೀ ಬೇಕು. ವೇಗ ಕಡಿಮೆಯಾದಷ್ಟೂ ಅಗಲವಾದ ಸ್ಕೀ ನೆರವಾಗುತ್ತದೆ. ವಿಶ್ವ ಮಟ್ಟದ ಸ್ಪರ್ಧಿಗಳು ಬಳಸುವ ಕಿರಿದಾದ, ಬಿರುಸಿನ ಸ್ಕೀ ಗಂಟೆಗೆ 45 ಕಿ.ಮೀ. ವೇಗದಲ್ಲಿ ಸಾಗುವವರಿಗೆ ಭಾರವೇ ಹೊರತು ಸಹಾಯವಲ್ಲ.

ಬೂಟಿನ ಸ್ಥಾನವನ್ನು ಸ್ಕೀಯ ಬಾಲದ ತುದಿಯಿಂದ ಮುಂದಿನ ಬೂಟಿನ ಹಿಮ್ಮಡಿಯವರೆಗೆ ಅಳೆಯುತ್ತಾರೆ. 66, 67 ಅಂಗುಲದ ಸ್ಕೀಯಲ್ಲಿ ಇದು ಸುಮಾರು 29ರಿಂದ 30 ಅಂಗುಲ ಇರುವುದು ವಾಡಿಕೆ. ಆದರೆ ಪ್ರತಿ ಮಾದರಿಗೂ ತಯಾರಕರೇ ಸೂಚಿಸಿದ ಅಳತೆ ಇರುತ್ತದೆ. ಹಳೆಯ ಸ್ಕೀಯಲ್ಲಿ ಒಗ್ಗಿದ ಅಳತೆಯನ್ನು ಹೊಸದಕ್ಕೆ ಹಾಗೆಯೇ ತರುವುದು ತಪ್ಪು. ಸ್ಕೀಯ ಬಾಗು, ಅಂಚಿನ ಓರೆ, ತಳದ ಗುಂಡಿ ಬೇರೆಯಾದಾಗ ತೂಕ ಬೀಳಬೇಕಾದ ಜಾಗವೂ ಬೇರೆಯಾಗುತ್ತದೆ.

ಬೂಟಿನೊಳಗೆ ಪಾದ ಇಳಿಸಲು ಸೋಪಿನ ನೀರು ಅಥವಾ ಇದಕ್ಕೆಂದೇ ಸಿಗುವ ಜಾರುದ್ರವ ಬಳಸಬೇಕು. ಎಣ್ಣೆ ರಬ್ಬರನ್ನು ಹಾಳುಗೆಡವುತ್ತದೆ. ಮೊಣಕಾಲು ಬಗ್ಗಿಸಿ ನಿಂತಾಗ ಹಿಮ್ಮಡಿ ಮೇಲೇಳದಿದ್ದರೆ, ಬೆರಳುಗಳು ಮರಗಟ್ಟದಿದ್ದರೆ ಅಳತೆ ಸರಿಯಿದೆ ಎಂದರ್ಥ. ಶಾಖಕ್ಕೆ ರೂಪ ತಳೆಯುವ ಒಳಬೂಟಾದರೆ ಅದನ್ನು ಬಿಸಿ ಮಾಡಿ ಪಾದಕ್ಕೆ ಹೊಂದಿಸಿಕೊಳ್ಳುವ ಕೆಲಸ ನೀರಿಗಿಳಿಯುವ ಮೊದಲೇ ಮುಗಿದಿರಬೇಕು. ಅಂಗಳದಲ್ಲಿ ದಪ್ಪ ಚಾಪೆಯ ಮೇಲೆ ಸ್ಕೀ ಇಟ್ಟು, ಬೂಟು ಧರಿಸಿ, ಮೊಣಕಾಲು ಬಗ್ಗಿಸಿ ಹತ್ತು ನಿಮಿಷ ನಿಂತು ನೋಡುವುದರಿಂದ ಒತ್ತುವ ಜಾಗಗಳು ತಿಳಿಯುತ್ತವೆ. ಹಾಗೆ ನಿಲ್ಲುವಾಗ ಕೆಳಗಿನ ಫಿನ್ ನೆಲಕ್ಕೆ ತಾಗದಂತೆ ಎಚ್ಚರ ಬೇಕು.

ಮೊದಲ ದಿನಗಳು

ಹೊಸ ಸ್ಕೀಯೊಂದಿಗೆ ನೇರವಾಗಿ ಪಥದ ಚೆಂಡುಗಳತ್ತ ಹೋಗಬಾರದು. ಮೊದಲ ಕೆಲವು ಸುತ್ತುಗಳು ತೆರೆದ ನೀರಿನಲ್ಲಿ, ರೂಢಿಗಿಂತ 3ರಿಂದ 6 ಕಿ.ಮೀ. ಕಡಿಮೆ ವೇಗದಲ್ಲಿ, ಉದ್ದನೆಯ ಹಗ್ಗದೊಂದಿಗೆ ನಡೆಯಲಿ. ದೋಣಿಯ ಹಿಂದೆ ಏಳುವ ಎರಡು ಅಲೆಗಳ ನಡುವೆ ನೇರವಾಗಿ ಸಾಗಿ ಸ್ಕೀ ಅಲುಗುತ್ತದೆಯೇ ಗಮನಿಸಬೇಕು. ಬಳಿಕ ಅಲೆಗಳನ್ನು ನಿಧಾನವಾಗಿ ಎರಡೂ ಕಡೆಗೆ ದಾಟಬೇಕು. ಎಲ್ಲರಿಗೂ ಒಂದು ಬದಿಯ ತಿರುವು ಸುಲಭ, ಇನ್ನೊಂದು ಕಷ್ಟ. ಹೊಸ ಸ್ಕೀಯಲ್ಲಿ ಈ ವ್ಯತ್ಯಾಸ ಮೊದಮೊದಲು ಹೆಚ್ಚಾಗಿಯೇ ಕಾಣುತ್ತದೆ.

ದೋಣಿಯಲ್ಲಿ ಚಾಲಕನಲ್ಲದೆ ಸ್ಕೀಯರ್ ಅನ್ನೇ ನೋಡುತ್ತಿರುವ ಇನ್ನೊಬ್ಬರು ಇರಲೇಬೇಕು. ಲೈಫ್ ಜಾಕೆಟ್ ಇಲ್ಲದೆ ಇಳಿಯುವಂತಿಲ್ಲ. ಹೊಸ ಬೂಟಿನ ಕಾರಣ ಪಾದ ಸಿಕ್ಕಿಕೊಂಡರೆ ತಕ್ಷಣ ಸಹಾಯ ಬೇಕಾಗುತ್ತದೆ. ಬಿದ್ದ ಕೂಡಲೇ ಕೈಯೆತ್ತಿ ಕ್ಷೇಮವೆಂದು ಸೂಚಿಸುವ ಪದ್ಧತಿಯನ್ನು ಮೊದಲೇ ಮಾತಾಡಿಕೊಂಡಿರಬೇಕು.

ಒಂದೆರಡು ಸುತ್ತುಗಳಲ್ಲೇ ಸ್ಕೀ ಒಳ್ಳೆಯದು ಅಥವಾ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರಬಾರದು. ಮೊದಲ ದಿನದ ಹುರುಪಿನಲ್ಲಿ ಎಲ್ಲವೂ ಚೆನ್ನಾಗಿ ಕಾಣಬಹುದು. ಮೂರನೆಯ ದಿನ ಎಲ್ಲವೂ ಕೈತಪ್ಪಿದಂತೆ ತೋರಬಹುದು. ದೇಹ ಹಳೆಯ ಸ್ಕೀಯ ಲಯದಲ್ಲೇ ತಿರುಗಲು ಯತ್ನಿಸುತ್ತಿರುತ್ತದೆ. ತಯಾರಕರ ಅಳತೆಯನ್ನು ಬದಲಿಸದೆ ಕನಿಷ್ಠ ಹತ್ತು ಹದಿನೈದು ಸುತ್ತುಗಳಾದರೂ ಸಾಗಿದ ಮೇಲೆಯೇ ಹೊಂದಾಣಿಕೆಯ ಉಪಕರಣಗಳನ್ನು ಕೈಗೆತ್ತಿಕೊಳ್ಳುವುದು ಲೇಸು.

ಫಿನ್ ಮತ್ತು ವಿಂಗ್

ಸ್ಕೀಯ ಬಾಲದ ಕೆಳಗೆ ನೀರಿಗಿಳಿದಿರುವ ಲೋಹದ ಅಲಗೇ ಫಿನ್. ಅದರ ಉದ್ದ, ಆಳ, ಬಾಲದ ತುದಿಯಿಂದ ದೂರ ಈ ಮೂರನ್ನೂ ಬದಲಿಸಬಹುದು. ಫಿನ್‌ಗೆ ಅಡ್ಡಲಾಗಿ ಜೋಡಿಸಿದ ಸಣ್ಣ ರೆಕ್ಕೆಗೆ ವಿಂಗ್ ಎಂದು ಹೆಸರು. ಅದರ ಕೋನ ಸಾಮಾನ್ಯವಾಗಿ 7ರಿಂದ 9 ಡಿಗ್ರಿ. ಚೆಂಡಿನ ಬಳಿ ಬರುವಾಗ ವೇಗ ತಗ್ಗಿಸಲು ಅದು ನೆರವಾಗುತ್ತದೆ.

ಫಿನ್ ಅಳತೆಗೆ ವರ್ನಿಯರ್ ಕ್ಯಾಲಿಪರ್ ಬೇಕು. ಬದಲಾವಣೆಗಳು ಅಂಗುಲದ ಸಾವಿರದಲ್ಲಿ ಐದು ಭಾಗದಷ್ಟು, ಅಂದರೆ ಸುಮಾರು 0.13 ಮಿ.ಮೀ. ಪ್ರಮಾಣದವು. ಇದು ಹೆಚ್ಚುಕಡಿಮೆ ಒಂದು ಕಾಗದದ ಹಾಳೆಯ ದಪ್ಪ. ಇಷ್ಟು ಸಣ್ಣ ವ್ಯತ್ಯಾಸವೂ ಅನುಭವಿಗಳಿಗೆ ಗೊತ್ತಾಗುತ್ತದೆ. ಬೂಟನ್ನು ಸಾಮಾನ್ಯವಾಗಿ 1/4 ಅಂಗುಲ ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಸರಿಸಲಾಗುತ್ತದೆ.

ಸಾಮಾನ್ಯವಾಗಿ ಕಾಣುವ ತೊಂದರೆಗಳು, ಮೊದಲು ನೋಡಬೇಕಾದ ಅಂಶಗಳು ಇಂತಿವೆ.

* ಸ್ಕೀಯ ಮೂತಿ ನೀರಿಗೆ ಕಚ್ಚಿ ದೇಹ ಮುಂದಕ್ಕೆ ಮುಗ್ಗರಿಸಿದರೆ: ಬೂಟು ತೀರ ಮುಂದಿರಬಹುದು. ತುಸು ಹಿಂದಕ್ಕೆ ಸರಿಸಿ ನೋಡಬಹುದು.

* ತಿರುವು ದೊಡ್ಡದಾಗಿ, ನಿಧಾನವಾಗಿ, ಮುಗಿಯದಂತೆ ಸಾಗಿದರೆ: ತೂಕ ಹಿಂಪಾದದ ಮೇಲಿರಬಹುದು. ಭಂಗಿ ಸರಿಪಡಿಸಿದ ಮೇಲೂ ಹಾಗೆಯೇ ಇದ್ದರೆ ಬೂಟನ್ನು ಸ್ವಲ್ಪ ಮುಂದಕ್ಕೆ ತರಬಹುದು.

* ತಿರುವಿನ ಕೊನೆಯಲ್ಲಿ ಬಾಲ ಜಾರಿ ಹೋದರೆ: ಫಿನ್‌ನ ಆಳ ಸಾಲದಿರಬಹುದು. ಒಂದು ಹಂತ ಆಳ ಹೆಚ್ಚಿಸಬಹುದು.

* ಚೆಂಡಿನ ಬಳಿ ವೇಗ ಇಳಿಯದೆ ಹಗ್ಗ ಸಡಿಲಗೊಂಡರೆ: ವಿಂಗ್ ಕೋನವನ್ನು ಒಂದು ಡಿಗ್ರಿ ಹೆಚ್ಚಿಸಬಹುದು. ಅದಕ್ಕೂ ಮೊದಲು, ಅಲೆ ದಾಟಿದ ಮೇಲೂ ಎಳೆಯುತ್ತಲೇ ಇದ್ದೇವೆಯೇ ಎಂದು ನೋಡಿಕೊಳ್ಳಬೇಕು.

* ಸ್ಕೀ ತಡವಾಗಿ ಸ್ಪಂದಿಸಿದರೆ: ಫಿನ್ ಮುಟ್ಟುವ ಮುನ್ನ ಬೂಟಿನೊಳಗೆ ಹಿಮ್ಮಡಿ ಏಳುತ್ತಿದೆಯೇ ಎಂದು ಪರೀಕ್ಷಿಸಬೇಕು. ಸ್ಕೀಯದೆಂದು ಭಾವಿಸಿದ ದೋಷ ಎಷ್ಟೋ ವೇಳೆ ಬೈಂಡಿಂಗ್‌ನದ್ದಾಗಿರುತ್ತದೆ.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಬೂಟು, ಫಿನ್, ವಿಂಗ್ ಮೂರನ್ನೂ ಒಂದೇ ದಿನ ಸರಿಸಿದರೆ ಯಾವುದರಿಂದ ಏನಾಯಿತು ಎಂಬುದು ಯಾರಿಗೂ ತಿಳಿಯದು. ಸ್ಕೀ ಮತ್ತು ಬೈಂಡಿಂಗ್ ಎರಡನ್ನೂ ಬದಲಿಸುವವರು ಸಾಧ್ಯವಾದರೆ ಮೊದಲು ಹಳೆಯ ಸ್ಕೀಯ ಮೇಲೆ ಹೊಸ ಬೈಂಡಿಂಗ್ ಅಭ್ಯಾಸ ಮಾಡಿಕೊಂಡು, ಆಮೇಲೆ ಸ್ಕೀ ಬದಲಿಸುವುದು ಉತ್ತಮ. ಆರಂಭದ ಅಳತೆ, ಮಾಡಿದ ಬದಲಾವಣೆ, ದಿನಾಂಕ, ದೋಣಿಯ ವೇಗ, ಹಗ್ಗದ ಉದ್ದ, ಕಂಡ ಫಲ ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಎಲ್ಲವೂ ಗೊಂದಲವಾದಾಗ ಆರಂಭದ ಅಳತೆಗೆ ಮರಳಲು ಈ ಬರಹವೇ ದಾರಿ.

ಆರೈಕೆ

ಬೈಂಡಿಂಗ್ ಹಿಡಿದಿಡುವ ಸ್ಕ್ರೂಗಳು ಕಂಪನಕ್ಕೆ ಸಡಿಲಗೊಳ್ಳುತ್ತವೆ. ಪ್ರತಿ ಬಾರಿ ನೀರಿಗಿಳಿಯುವ ಮುನ್ನ ಅವುಗಳನ್ನು ಕೈಯಿಂದಲೇ ಬಿಗಿ ಮಾಡಬೇಕು. ವಿದ್ಯುತ್ ಚಾಲಿತ ಉಪಕರಣ ಬಳಸಿದರೆ ಸ್ಕೀಯೊಳಗಿನ ಮರೆ ಕಿತ್ತುಬರುವ ಸಂಭವವಿದೆ. ಉಪ್ಪುನೀರಿನಲ್ಲಿ ಬಳಸಿದ ಸ್ಕೀ, ಬೂಟುಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ರಬ್ಬರ್ ಬಿರುಸಾಗಿ ಬಿರುಕು ಬಿಡುತ್ತದೆ. ಬಿರುಕು ಕಂಡ ಬೂಟನ್ನು ಬದಲಿಸಬೇಕೇ ಹೊರತು ಮತ್ತಷ್ಟು ಬಿಗಿದು ಕಟ್ಟಬಾರದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಸ್ಕೀ ಇಡುವುದೂ ಒಳ್ಳೆಯದಲ್ಲ. ಸಾಗಿಸುವಾಗ ಫಿನ್‌ಗೆ ಪೆಟ್ಟಾಗದಂತೆ ಕವಚ ಹಾಕಬೇಕು. ಬಾಗಿದ ಫಿನ್ ಇದ್ದರೆ ಕ್ಯಾಲಿಪರ್‌ನ ಲೆಕ್ಕವೆಲ್ಲ ವ್ಯರ್ಥ.

ಒಂದು ಗಾಯದ ಬಳಿಕ ಮತ್ತೆ ಸ್ಕೀ ಏರುವವರಿಗೆ ಈ ಕ್ರಮ ಇನ್ನಷ್ಟು ಅಗತ್ಯ. ಹಿಂದೆ ನೋವಾಗಿದ್ದ ಕಾಲನ್ನು ಅರಿವಿಲ್ಲದೆ ಹಗುರ ಮಾಡಿ ನಿಲ್ಲುವುದು ಸಹಜ. ಆಗ ಭಂಗಿ ಕೆಟ್ಟು, ತಪ್ಪು ಸ್ಕೀಯದೆಂದು ತೋರುತ್ತದೆ. ಅಂಥವರು ವೈದ್ಯರ ಒಪ್ಪಿಗೆ ಪಡೆದು, ಕಡಿಮೆ ವೇಗದಲ್ಲಿ, ಬಿಡುಗಡೆ ವ್ಯವಸ್ಥೆ ಸರಿಯಾಗಿ ನಿಗದಿಯಾದ ಬೈಂಡಿಂಗ್‌ನೊಂದಿಗೆ ಆರಂಭಿಸುವುದು ಸೂಕ್ತ. ಹೊಸ ಸ್ಕೀಯಿಂದ ಒಂದು ಚೆಂಡು ಹೆಚ್ಚು ಸುತ್ತುವುದು ಈ ಋತುವಿನಲ್ಲಿ ಆಗದಿದ್ದರೆ ಮುಂದಿನ ಋತುವಿನಲ್ಲಿ ಆದೀತು. ಹರಿದ ಸ್ನಾಯುರಜ್ಜು ಕೂಡಿಕೊಳ್ಳಲು ಮಾತ್ರ ಹಲವು ತಿಂಗಳುಗಳೇ ಬೇಕು.